ಚಕ್ರವರ್ತಿಯ ಕಿರೀಟ

ನ್ಯಾಯ ಹೇಳುವುದು ಕಷ್ಟದ ಕೆಲಸ. ವಾದಿ ಪ್ರತಿವಾದಿಗಳಿಬ್ಬರೂ ನಮ್ಮ ಮನೆಯಲ್ಲೇ ಉಂಡು, ನಮ್ಮ ಮನೆಯಲ್ಲೇ ಮಲಗುವವರಾದರಂತೂ ನ್ಯಾಯಾಧೀಶನ ಪಾಡು ಯಾರಿಗೂ ಬೇಡ. ಕೆಲವು ಕಾಲದಿಂದ ಈ ಪಾಡು ನನ್ನ ಪಾಲಿಗೆ ಬಂದಿದೆ. ವಾದಿ ನನ್ನ ಮಗಳು. ಪ್ರತಿವಾದಿ ನನ್ನ ಅಕ್ಕನ ಮಗ, ಬಿ.ಕಾಂ. ಓದುವುದಕ್ಕೆಂದು ವಿಜಾಪುರದ ಕಡೆಯಿಂದ ಬಂದು ಬೆಂಗಳೂರಿನ ನಮ್ಮ ಮನೆಯಲ್ಲಿದ್ದಾನೆ. ವ್ಯಾಜ್ಯ ಹೊಲದ್ದಲ್ಲ, ಮನೆಯದಲ್ಲ. ಸಮುದ್ರದಾಚೆಯ ಟೊರಾಂಟೊ ನಗರದ ಒಬ್ಬ ಹಾಡುಗಾರನ ಕಿರೀಟದ್ದು.

“ಅಪ್ಪ, ಡ್ರೇಕ್ ಕಥೆ ಮುಗೀತು” ಎನ್ನುತ್ತಾಳೆ ಮಗಳು.

“ಎಲ್ಲಿ ಮುಗದೈತ್ರಿ ಮಾಮಾ? ಲೆಕ್ಕಾ ನೋಡ್ರಿ. ಲೆಕ್ಕಾ ಸುಳ್ಳ ಹೇಳಂಗಿಲ್ಲ” ಎನ್ನುತ್ತಾನೆ ಸೋದರಳಿಯ.

“ಡ್ರೇಕ್ ಅಂದರೆ ಯಾರು?” ಎಂದು ನಾನು ಮೊದಲ ದಿನ ಕೇಳಿದೆ. ಅದುವರೆಗೆ ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದ ಇಬ್ಬರೂ ಆ ಕ್ಷಣದಲ್ಲಿ ಒಂದಾಗಿಬಿಟ್ಟರು. ಇಬ್ಬರ ಕಣ್ಣಿನಲ್ಲೂ ಒಂದೇ ಬಗೆಯ ಕನಿಕರ. ಪಂಪ ಯಾರೆಂದು ಕೇಳುವ ಎಂ.ಎ. ವಿದ್ಯಾರ್ಥಿಯನ್ನು ನಾನು ನೋಡುವ ನೋಟ ಹೇಗಿರುತ್ತದೆಂದು ನನಗೆ ಅಂದು ತಿಳಿಯಿತು.

ತಿಳಿಯದೆ ತೀರ್ಪು ಕೊಡುವ ಅಭ್ಯಾಸ ಅಧ್ಯಾಪಕರಲ್ಲಿ ಇಲ್ಲದ್ದೇನೂ ಅಲ್ಲ. ಆದರೂ ಇದು ಮನೆಯ ಮಾತೆಂದು ಹೆದರಿ ವಿಷಯವನ್ನು ಶ್ರದ್ಧೆಯಿಂದಲೇ ಅಭ್ಯಾಸಮಾಡಿದೆ. ಮಗಳು ತನ್ನ ಇಯರ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಮೊದಲ ಹಾಡಿನಲ್ಲಿ ನನಗೆ ಅರ್ಥವಾದದ್ದು ನಾಲ್ಕು ಮಾತು. ಅರ್ಥವಾಗದ ಕೆಲವನ್ನು ಕೇಳಿದರೆ, “ಅದಕ್ಕೆಲ್ಲ ಅರ್ಥ ಬೇಡ ಬಿಡಪ್ಪ” ಎಂದು ಮುಖ ತಿರುಗಿಸಿದಳು. ತರಗತಿಯಲ್ಲಿ ಕೆಲವು ಹಳಗನ್ನಡ ಪದ್ಯಗಳು ಬಂದಾಗ ನಾನೂ ಹೀಗೆಯೇ, “ಮುಂದಿನ ಪದ್ಯಕ್ಕೆ ಹೋಗೋಣ” ಎನ್ನುವುದುಂಟು. ಆದ್ದರಿಂದ ಒತ್ತಾಯ ಮಾಡಲಿಲ್ಲ.

ರ‍್ಯಾಪ್ ಎಂಬುದು ತಾಳದ ಮೇಲೆ ಕೂರಿಸಿದ ಮಾತು. ರಾಗದ ಹಂಗು ಅದಕ್ಕೆ ಕಡಿಮೆ. ಪ್ರಾಸದ ಹಂಗು ಬಹಳ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್ವಿಕ್ ಅವೆನ್ಯೂವಿನ 1520ನೆಯ ನಂಬರಿನ ಕಟ್ಟಡದಲ್ಲಿ, ಕೂಲ್ ಹರ್ಕ್ ಎಂಬ ಹುಡುಗ ಎರಡು ಗ್ರಾಮಫೋನುಗಳ ಮೇಲೆ ತಟ್ಟೆ ತಿರುಗಿಸಿ ಒಂದು ಕೂಟವನ್ನು ಕುಣಿಸಿದ. ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆ ಕೊಳ್ಳಲು ನಾಲ್ಕು ಕಾಸು ಬೇಕೆಂದು ಅವನ ಸೋದರಿ ಏರ್ಪಡಿಸಿದ್ದ ಕೂಟ ಅದು. ಈ ಕಲೆಯ ವಂಶಾವಳಿಯನ್ನು ಅಲ್ಲಿಂದ ಹೇಳುವುದು ವಾಡಿಕೆ. ಅದಕ್ಕೂ ಹಿಂದೆ ಅಮೆರಿಕದ ಕಪ್ಪು ಜನರ ಬೀದಿಗಳಲ್ಲಿ ‘ಡಜನ್ಸ್’ ಎಂಬ ಆಟವೊಂದಿತ್ತು. ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು, ಸಾಲದೆಂದು ಒಬ್ಬರ ತಾಯಿಯನ್ನೊಬ್ಬರು, ಜಾಣತನದಿಂದ ಬೈಯುವುದು. ಸುತ್ತ ನಿಂತವರು ನಗುವುದು. ಯಾರಿಗೆ ಮೊದಲು ಸಿಟ್ಟು ಬರುತ್ತದೋ ಅವರು ಸೋತ ಹಾಗೆ. ರ‍್ಯಾಪಿನ ಕಾಳಗಗಳು ಈ ಆಟದ ಮಕ್ಕಳು.

ಇದನ್ನು ಓದಿದಾಗ ನನಗೆ ಪರಕೀಯವೆನ್ನಿಸಲಿಲ್ಲ. ನಮ್ಮೂರ ಜಾತ್ರೆಯಲ್ಲಿ ರಾತ್ರಿಯೆಲ್ಲ ಹರದೇಶಿ ನಾಗೇಶಿಯವರ ಹಾಡಿಕೆ ನಡೆಯುತ್ತಿತ್ತು. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ. ದಪ್ಪು ತುಂತುಣಿಗಳ ಮೇಲೆ ಒಬ್ಬರು ಸವಾಲು ಎಸೆಯಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ನಡುರಾತ್ರಿ ಕಳೆದ ಮೇಲೆ ಮಾತು ಮೊನಚಾಗುತ್ತಿತ್ತು. ನಾವು ಹುಡುಗರು ಕಂಬಳಿ ಹೊದ್ದು, ಇವತ್ತು ಇವರಿಬ್ಬರಲ್ಲಿ ಒಬ್ಬರ ತಲೆ ಒಡೆಯುತ್ತದೆಂದು ಆಸೆಯಿಂದ ಕಾಯುತ್ತಿದ್ದೆವು. ಬೆಳಗಾದರೆ ಎರಡು ಮೇಳದವರೂ ಒಂದೇ ಕಿಟ್ಲಿಯ ಚಹಾ ಕುಡಿದು, ಒಂದೇ ಬಸ್ಸಿಗೆ ಕೈಮಾಡಿ ಹತ್ತಿ ಹೋಗುತ್ತಿದ್ದರು. ನಮಗೆ ನಿರಾಸೆ.

ಈಗ ನಮ್ಮ ವ್ಯಾಜ್ಯದ ಅರಸನಿಗೆ ಬರೋಣ. ಡ್ರೇಕ್ ಎಂದು ಲೋಕ ಕರೆಯುವ ಆಬ್ರಿ ಗ್ರಹಾಂ ಹುಟ್ಟಿದ್ದು 1986ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ತಂದೆ ಅಮೆರಿಕದ ಮೆಂಫಿಸ್ ಊರಿನ ಕಪ್ಪು ಜನಾಂಗದ ಡ್ರಮ್ ವಾದಕ. ತಾಯಿ ಕೆನಡಾದ ಯೆಹೂದಿ ಮನೆತನದವಳು. ಹುಡುಗನಿಗೆ ಐದು ವರ್ಷವಾದಾಗ ತಂದೆ ತಾಯಿ ಬೇರೆಯಾದರು. ಹದಿಹರೆಯದಲ್ಲಿ ಆತ ಟೆಲಿವಿಷನ್ನಿನ ಧಾರಾವಾಹಿಯೊಂದರಲ್ಲಿ, ಗುಂಡೇಟು ತಿಂದು ಗಾಲಿಕುರ್ಚಿಗೆ ಬಿದ್ದ ಶಾಲಾಬಾಲಕನ ಪಾತ್ರ ಮಾಡುತ್ತಿದ್ದ. 2009ರಲ್ಲಿ ‘ಸೋ ಫಾರ್ ಗಾನ್’ ಎಂಬ ಹಾಡುಗಳ ಸಂಪುಟದಿಂದ ಹೆಸರು ಬಂತು. 2010ರ ಮೊದಲ ಆಲ್ಬಮ್ಮು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಮೊದಲನೆಯ ಸ್ಥಾನಕ್ಕೆ ಏರಿತು. ಅಲ್ಲಿಂದ ಮುಂದಕ್ಕೆ ಹದಿನಾಲ್ಕು ವರ್ಷ ಆತ ಆಳಿದ. ಆಳಿದ ಎಂಬ ಮಾತು ಅತಿಶಯೋಕ್ತಿಯಲ್ಲ.

ಆತ ಮಾಡಿದ ಹೊಸತು ಏನೆಂದರೆ, ಜಂಬವೇ ಜೀವಾಳವಾಗಿದ್ದ ಆ ಕಲೆಯಲ್ಲಿ ಅಳುವುದನ್ನು ರೂಢಿಗೆ ತಂದದ್ದು. ಇದನ್ನು ಮಾಡಿದವರಲ್ಲಿ ಆತನೇ ಮೊದಲಿಗನಲ್ಲ. ಆದರೆ ಲೋಕಕ್ಕೆಲ್ಲ ರುಚಿ ಹತ್ತಿಸಿದವನು ಆತ. ಅರ್ಧ ಮಾತು, ಅರ್ಧ ಹಾಡು. ನಡುರಾತ್ರಿ ಕುಡಿದು ಹಳೆಯ ಗೆಳತಿಗೆ ಟೆಲಿಫೋನು ಮಾಡುವ ಗಂಡಸಿನ ಗೋಳು 2011ರ ಅವನ ಹಾಡೊಂದರ ವಸ್ತು. ಗೆದ್ದವನು, ಹಣವಂತ, ಆದರೂ ಒಂಟಿ. ಲೋಕದ ತುಂಬ ಒಂಟಿಗಳಿದ್ದಾರೆ, ಅವರೆಲ್ಲ ಕೇಳಿದರು. 2018ರ ‘ಸ್ಕಾರ್ಪಿಯನ್’ ಬಂದಾಗ ಬಿಲ್‌ಬೋರ್ಡಿನ ಮೊದಲ ಹತ್ತು ಹಾಡುಗಳಲ್ಲಿ ಏಳು ಅವನವೇ. 1964ರಲ್ಲಿ ಬೀಟಲ್ಸ್ ತಂಡದವರು ಐದು ಹಾಡುಗಳಿಂದ ಮಾಡಿದ್ದ ದಾಖಲೆ ಅಲ್ಲಿಗೆ ಮುರಿಯಿತು. 2021ರ ಸೆಪ್ಟೆಂಬರಿನಲ್ಲಿ ಹತ್ತಕ್ಕೆ ಒಂಬತ್ತು! ಸಂತೆಯ ಒಂದೊಂದು ಅಂಗಡಿಯೂ ಒಬ್ಬನದೇ ಆದ ಹಾಗೆ.

ಅವನ ಸಮಕಾಲೀನರಲ್ಲಿ ಇನ್ನಿಬ್ಬರನ್ನು ಸೇರಿಸಿ ‘ದೊಡ್ಡವರು ಮೂವರು’ ಎಂದು ಹೇಳುವ ಪದ್ಧತಿ ಬಂದಿತ್ತು: ಡ್ರೇಕ್, ಜೆ. ಕೋಲ್, ಕೆಂಡ್ರಿಕ್ ಲಮಾರ್. ಇದನ್ನು ಕೇಳಿ ನನಗೆ ಬಲು ಸಂತೋಷವಾಯಿತು. ನಮ್ಮಲ್ಲಿ ಪಂಪ, ಪೊನ್ನ, ರನ್ನರನ್ನು ರತ್ನತ್ರಯರೆನ್ನುವುದಿಲ್ಲವೆ? ಮೂವರನ್ನು ಒಂದು ದಾರದಲ್ಲಿ ಪೋಣಿಸುವ ಚಪಲ ಸಾಹಿತ್ಯ ಚರಿತ್ರೆಕಾರರದು. ಕವಿಗಳನ್ನು ಯಾರೂ ಕೇಳುವುದಿಲ್ಲ. ನಮ್ಮ ಪುಣ್ಯಕ್ಕೆ ಪಂಪ ಎದ್ದುಬಂದು ‘ಮೂವರೆಲ್ಲಿ, ನಾನೊಬ್ಬನೇ’ ಎನ್ನಲಿಲ್ಲ. ಅಲ್ಲಿ ಕೆಂಡ್ರಿಕ್ ಎದ್ದು ಬಂದ. 2023ರ ಅಕ್ಟೋಬರಿನಲ್ಲಿ ಡ್ರೇಕ್ ಮತ್ತು ಕೋಲ್ ಸೇರಿ ಹಾಡಿದ ಹಾಡೊಂದರಲ್ಲಿ ಕೋಲ್ ಈ ಮೂವರ ಮಾತು ಎತ್ತಿದ್ದ. 2024ರ ಮಾರ್ಚಿಯಲ್ಲಿ ಮತ್ತೊಬ್ಬರ ಹಾಡಿನೊಳಗೆ ಸೇರಿಕೊಂಡು ಕೆಂಡ್ರಿಕ್ ಅದನ್ನು ತಳ್ಳಿಹಾಕಿದ. ಮೂವರಿಲ್ಲ, ತಾನೊಬ್ಬನೇ ಎಂದ.

ಈ ಕೆಂಡ್ರಿಕ್ ಸಾಮಾನ್ಯನಲ್ಲ. ಕ್ಯಾಲಿಫೋರ್ನಿಯದ ಕಾಂಪ್ಟನ್ ಎಂಬ ಬಡ ಊರಿನವನು. 2018ರಲ್ಲಿ ಸಂಗೀತದ ಪುಲಿಟ್ಜರ್ ಬಹುಮಾನ ಅವನಿಗೆ ಬಂತು. ಶಾಸ್ತ್ರೀಯ ಸಂಗೀತ, ಜಾಜ್ ಎರಡರ ಹೊರಗಿನವರಿಗೆ ಆ ಬಹುಮಾನ ಹೋದದ್ದು ಅದೇ ಮೊದಲು. ವರ್ಷಗಟ್ಟಲೆ ಮೌನವಾಗಿದ್ದು ಒಮ್ಮೆ ಬಾಯಿ ತೆರೆಯುವ ಜಾತಿ.

ಕೋಲ್ ಏಪ್ರಿಲಿನಲ್ಲಿ ಒಂದು ಉತ್ತರದ ಹಾಡನ್ನು ಬಿಟ್ಟ. ಎರಡು ದಿನ ಕಳೆಯುವುದರೊಳಗೆ ತನ್ನದೇ ಉತ್ಸವದ ವೇದಿಕೆಯಲ್ಲಿ ನಿಂತು, ತಪ್ಪಾಯಿತು, ಮನಸ್ಸಿಗೆ ನೆಮ್ಮದಿಯಿಲ್ಲ ಎಂದು ಕ್ಷಮೆ ಕೇಳಿ ಹಿಂದೆ ಸರಿದ. ಜನ ಅವನನ್ನು ಹೇಡಿಯೆಂದು ನಕ್ಕರು. ತಿಂಗಳು ಕಳೆದ ಮೇಲೆ ಅದೇ ಜನ ಅವನನ್ನು ಜಾಣನೆಂದರು. ಡ್ರೇಕ್ ಹಿಂದೆ ಸರಿಯಲಿಲ್ಲ. ಎದುರಾಳಿಯನ್ನು ಕೆಣಕಲು ಒಂದು ಹಾಡಿನಲ್ಲಿ, 1996ರಲ್ಲಿ ಕೊಲೆಯಾದ ಟೂಪಾಕ್ ಶಕೂರನ ಧ್ವನಿಯನ್ನು ಯಂತ್ರದಿಂದ ಹುಟ್ಟಿಸಿ ಬಳಸಿದ. ಟೂಪಾಕನ ಆಸ್ತಿಯ ವಾರಸುದಾರರು ಕೋರ್ಟಿನ ಹೆಸರು ಹೇಳಿದ ಮೇಲೆ ಹಾಡನ್ನು ಹಿಂತೆಗೆದ. ಸತ್ತವರನ್ನು ಸಾಕ್ಷಿಗೆ ಕರೆಯಬಾರದೆಂಬುದು ಎಲ್ಲ ದೇಶದ ಅಜ್ಜಿಯರಿಗೂ ಗೊತ್ತು.

ಆಮೇಲೆ ಮೇ ತಿಂಗಳು. ಮೇ 3ರಿಂದ 5ರವರೆಗೆ ಮೂರು ದಿನಗಳಲ್ಲಿ ಎರಡೂ ಕಡೆಯಿಂದ ಐದು ಹಾಡು ಬಂದವು. ಮೊದಮೊದಲು ಎತ್ತರ, ಉಡುಪು, ಉಚ್ಚಾರಣೆಗಳ ಮೇಲಿದ್ದ ಮಾತು ಹೆಂಡತಿ ಮಕ್ಕಳಿಗೆ ಇಳಿಯಿತು. ಅಲ್ಲಿಂದ ಕೇಳಬಾರದ ಆರೋಪಗಳಿಗೆ ಇಳಿಯಿತು. ಡ್ರೇಕ್ ಮಕ್ಕಳ ವಿಷಯದಲ್ಲಿ ಕೆಟ್ಟವನೆಂದು ಕೆಂಡ್ರಿಕ್ ಹಾಡಿದ. ಡ್ರೇಕ್ ಅದನ್ನು ಖಡಾಖಂಡಿತವಾಗಿ ಅಲ್ಲಗಳೆದ. ಅದು ಎಲ್ಲಿಯೂ ಸಿದ್ಧಪಟ್ಟದ್ದಲ್ಲ. ಆದರೆ ಮೇ 4ರಂದು ಬಂದ ಆ ಹಾಡು, ‘ನಾಟ್ ಲೈಕ್ ಅಸ್’, ಕುಣಿಯುವ ಹಾಡು. ಕೆಟ್ಟ ಸುದ್ದಿಗೆ ಒಳ್ಳೆಯ ತಾಳ ಸಿಕ್ಕಿಬಿಟ್ಟರೆ ಅದನ್ನು ಹಿಡಿಯುವವರು ಯಾರು? ಜೂನ್ 19ರಂದು ಲಾಸ್ ಏಂಜಲಿಸ್ ಬಳಿಯ ಇಂಗಲ್‌ವುಡ್‌ನಲ್ಲಿ ಕೆಂಡ್ರಿಕ್ ಅದನ್ನು ಒಂದರ ಹಿಂದೊಂದು ಐದು ಬಾರಿ ಹಾಡಿದ. ಪ್ರತಿಬಾರಿಯೂ ಸಭೆ ಅವನಿಗಿಂತ ಗಟ್ಟಿಯಾಗಿ ಹಾಡಿತು. 2025ರ ಫೆಬ್ರವರಿ 2ರಂದು ಅದಕ್ಕೆ ಐದು ಗ್ರ್ಯಾಮಿ ಪ್ರಶಸ್ತಿ ಬಂತು. ಮರುವಾರ ನ್ಯೂ ಆರ್ಲಿಯನ್ಸಿನಲ್ಲಿ ಅಮೆರಿಕದವರ ಫುಟ್‌ಬಾಲಿನ ಮಹಾಪಂದ್ಯದ ನಡುವಿನ ವಿರಾಮದಲ್ಲಿ, ಹದಿಮೂರು ಕೋಟಿಗೂ ಹೆಚ್ಚು ಜನ ನೋಡುತ್ತಿದ್ದಾಗ, ಆತ ಅದನ್ನೇ ಹಾಡಿದ. ಆರೋಪದ ನೇರ ಮಾತೊಂದನ್ನು ಅಲ್ಲಿ ನುಂಗಿಕೊಂಡ. ಆದರೆ ಸಂಗೀತದ ಪರಿಭಾಷೆಯೊಂದನ್ನು ಹಿಡಿದು ಮಾಡಿದ ಶ್ಲೇಷೆ ಬಂದಾಗ ಇಡೀ ಕ್ರೀಡಾಂಗಣವೇ ಒಂದೇ ಗಂಟಲಿನಲ್ಲಿ ಕೂಗಿತು. ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಶ್ಲೇಷಾಲಂಕಾರ ಕಲಿಸಿದ್ದೇನೆ. ಒಂದು ದಿನವೂ ತರಗತಿ ಹಾಗೆ ಕೂಗಲಿಲ್ಲ.

“ಈಗ ಹೇಳಪ್ಪ. ಇಷ್ಟು ಜನ ಒಟ್ಟಿಗೆ ನಕ್ಕಮೇಲೆ ಅವನು ಇನ್ನೆಂಥ ರಾಜ?” ಎಂದಳು ಮಗಳು.

ಸೋದರಳಿಯ ಕಡತ ತೆಗೆದ. “ಮಾಮಾ, 2025ರ ಫೆಬ್ರವರಿ 14ಕ್ಕ ಅವನ ಹೊಸಾ ಆಲ್ಬಮ್ ಬಂತು, ಪಾರ್ಟಿನೆಕ್ಸ್ಟ್‌ಡೋರ್ ಜೊಡಿ. ಪಂದ್ಯ ಆಗಿ ಐದ ದಿವಸಕ್ಕ! ಎಷ್ಟನೇ ಸ್ಥಾನಕ್ಕ ಹೋತು? ಒಂದನೇದು. ಅದರಾಗಿನ ‘ನೋಕಿಯಾ’ ಹಾಡು ಎರಡನೇ ಸ್ಥಾನತನಕ ಏರ್ತು. ಜುಲೈದಾಗ ಲಂಡನ್ ಉತ್ಸವದಾಗ ಮೂರು ರಾತ್ರಿ ಅವನೇ ಮುಖ್ಯ. ಬಿಲ್‌ಬೋರ್ಡ್ ಪಟ್ಟಿ ಹತ್ತಿದ್ದ ಹಾಡು ಮುನ್ನೂರಕ್ಕಿಂತ ಹೆಚ್ಚು. ಸತ್ತಾವರು ಹಿಂಗ ಇರ್ತಾರೇನ್ರಿ?”

ಎರಡೂ ಕಡೆಯ ವಾದ ಸರಿಯಾಗಿಯೇ ಕಂಡಿತು. ಇಂಥ ಸಂಕಟದಲ್ಲಿ ನ್ಯಾಯಾಧೀಶರು ಹಳೆಯ ತೀರ್ಪುಗಳನ್ನು ನೋಡುತ್ತಾರಂತೆ. ನಾನೂ ನೋಡಿದೆ.

2001ರಲ್ಲಿ ಜೇ-ಜೀ ಮತ್ತು ನಾಸ್ ಎಂಬ ನ್ಯೂಯಾರ್ಕಿನ ಇಬ್ಬರು ಹೀಗೆಯೇ ಕಾದಾಡಿದರು. ನಾಸ್ ಗೆದ್ದನೆಂದು ಬಹಳ ಜನ ಹೇಳುತ್ತಾರೆ. ಆದರೆ ಸೋತವನೆನ್ನಿಸಿಕೊಂಡ ಜೇ-ಜೀ ಇನ್ನೂ ದೊಡ್ಡವನಾದ. 2005ರಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ಕೈಕುಲುಕಿದರು. ಮುಂದೆ ನಾಸ್ ಹಾಡಿದ್ದು ಜೇ-ಜೀ ಮುಖ್ಯಸ್ಥನಾಗಿದ್ದ ಕಂಪೆನಿಗೇ. 2007ರ ಸೆಪ್ಟೆಂಬರ್ 11ರಂದು ಫಿಫ್ಟಿ ಸೆಂಟ್ ಮತ್ತು ಕಾನ್ಯೆ ವೆಸ್ಟ್ ಒಂದೇ ದಿನ ತಮ್ಮ ಆಲ್ಬಮ್ಮುಗಳನ್ನು ಮಾರಾಟಕ್ಕಿಟ್ಟರು. ಸೋತರೆ ಇನ್ನು ಒಂಟಿಯಾಗಿ ಆಲ್ಬಮ್ಮು ಮಾಡುವುದಿಲ್ಲವೆಂದು ಫಿಫ್ಟಿ ಸೆಂಟ್ ಆಣೆಯಿಟ್ಟಿದ್ದ. ಮೊದಲ ವಾರದಲ್ಲಿ ಅವನದು 6,91,000 ಪ್ರತಿ, ಕಾನ್ಯೆಯದು 9,57,000. ಆಣೆಯನ್ನು ಅವನೇನೂ ನಡೆಸಲಿಲ್ಲ. ಆದರೆ ಜನರ ಕಿವಿ ಬೇರೆ ದನಿಯತ್ತ ತಿರುಗಿತ್ತು. ಕಾಲ ಅವನ ಆಣೆಯನ್ನು ಅರ್ಧ ನಡೆಸಿಕೊಟ್ಟಿತು.

ಡ್ರೇಕನ ಚರಿತ್ರೆಯಲ್ಲೇ ಎರಡು ತೀರ್ಪುಗಳಿವೆ. 2015ರಲ್ಲಿ ಮೀಕ್ ಮಿಲ್ ಎಂಬಾತ, ಡ್ರೇಕ್ ತನ್ನ ಸಾಹಿತ್ಯವನ್ನು ತಾನೇ ಬರೆಯುವುದಿಲ್ಲವೆಂದು ದೂರಿದ. ಡ್ರೇಕ್ ಹಾಡಿನಲ್ಲೇ ಉತ್ತರ ಕೊಟ್ಟದ್ದಲ್ಲದೆ, ಟೊರಾಂಟೊದ ತನ್ನ ಉತ್ಸವದಲ್ಲಿ ಎದುರಾಳಿಯನ್ನು ಗೇಲಿಮಾಡಿ ಜನ ಬರೆದಿದ್ದ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ಸಭೆಯನ್ನೆಲ್ಲ ನಗಿಸಿ ಗೆದ್ದ. 2018ರಲ್ಲಿ ಪುಷಾ ಟಿ ಎಂಬಾತ ಡ್ರೇಕನಿಗೊಬ್ಬ ಮಗನಿದ್ದಾನೆಂಬ ಗುಟ್ಟನ್ನು ಹಾಡಿನಲ್ಲಿ ಒಡೆದ. ಅದಕ್ಕೆ ಡ್ರೇಕ್ ಉತ್ತರದ ಹಾಡು ಬಿಡಲಿಲ್ಲ. ಕಾಳಗದಲ್ಲಿ ಸೋತನೆಂದೇ ಎಲ್ಲರೂ ಬರೆದರು. ಆಮೇಲೆ ತಿಂಗಳೊಂದರಲ್ಲಿ ಬಂದದ್ದೇ ‘ಸ್ಕಾರ್ಪಿಯನ್’, ಹತ್ತರಲ್ಲಿ ಏಳು. ಅಂದರೆ ಕಾಳಗದಲ್ಲಿ ಸೋತವನು ಪಟ್ಟದಿಂದ ಇಳಿಯಲೇಬೇಕೆಂಬ ನಿಯಮವಿಲ್ಲ.

ಹಾಗಾದರೆ ಈ ಸಲ ಮಾತ್ರ ಬೇರೆಯೇಕೆ? ಇದನ್ನು ಯೋಚಿಸುತ್ತ ಒಂದು ಸಂಜೆ ಆ ಹಾಡಿನ ಹೆಸರಿನ ಮೇಲೆಯೇ ಮನಸ್ಸು ನಿಂತಿತು. ‘ನಮ್ಮ ಹಾಗಲ್ಲ’ ಎಂದು ಅದರ ಅರ್ಥ. ಇಂಥ ದೊಡ್ಡ ಆರೋಪಗಳ ಮಳೆಯೇ ಸುರಿದಿದ್ದರೂ, ಹಾಡಿಗೆ ಹೆಸರಾಗಿ ನಿಂತದ್ದು ಈ ಸಣ್ಣ ಮಾತು. ಡ್ರೇಕ್ ಬೆಳೆದದ್ದು ಬೇರೆಯವರ ಧಾಟಿಗಳನ್ನು ತಂದು ತನ್ನ ಬಾಯಲ್ಲಿ ಹೊರಳಿಸಿ: ಜಮೈಕದವರ ಉಚ್ಚಾರಣೆ, ನೈಜೀರಿಯದ ಕುಣಿತ, ಲಂಡನ್ನಿನ ಬೀದಿಮಾತು, ಅಟ್ಲಾಂಟದ ಹುಡುಗರ ಗತ್ತು. ಹಾಡುಗಳು ಗೆಲ್ಲುತ್ತಿದ್ದಾಗ ಜನ ಇದನ್ನು ವಿಶಾಲ ಹೃದಯವೆಂದರು. 2024ರಲ್ಲಿ ಇದೇ ಕಳ್ಳತನವೆನ್ನಿಸಿತು. ನೀನು ನಮ್ಮ ಊರುಗಳಿಗೆ ಬಂದು ಕೊಳ್ಳೆಹೊಡೆದು ಹೋದೆ, ನೀನು ನಮ್ಮವನಲ್ಲ ಎಂದಿತು ಆ ಹಾಡು. ನೀನು ಕೆಟ್ಟ ಕವಿ ಎಂದರೆ ಇನ್ನೊಂದು ಕವಿತೆ ಬರೆದು ಉತ್ತರ ಕೊಡಬಹುದು. ನೀನು ನಮ್ಮವನಲ್ಲ ಎಂಬುದಕ್ಕೆ ಯಾವ ಪ್ರಾಸದಲ್ಲಿ ಉತ್ತರ ಕೊಡುವುದು?

ಇದು ನನಗೆ ಅಷ್ಟು ಬೇಗ ತಾಕಿದ್ದಕ್ಕೆ ಕಾರಣವಿದೆ. ಇಪ್ಪತ್ತು ವರ್ಷಕ್ಕೂ ಹಿಂದೆ ನಾನು ಹೊಸದಾಗಿ ಕೆಲಸಕ್ಕೆ ಸೇರಿ ಈ ಕಡೆ ಬಂದಾಗ ನನ್ನ ಬಾಯಲ್ಲಿ ನಮ್ಮೂರ ಕನ್ನಡವೇ ಇತ್ತು. ಪಾಠ ಗ್ರಂಥಸ್ಥ ಭಾಷೆಯಲ್ಲಿ ಸಾಗುತ್ತಿತ್ತು. ಆದರೆ ಹುಡುಗರು ಏನಾದರೂ ಕೇಳಿದರೆ ‘ಹೌದ್ರಿ’ ಎಂದು ಬಿಡುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನಿಂದ ಯಾರೋ ‘ಹೌದ್ರಿ’ ಎಂದರು. ಎರಡನೆಯ ದಿನ ಐದಾರು ಮಂದಿ. ವಾರ ಕಳೆಯುವುದರೊಳಗೆ ನಾನು ಬಾಗಿಲಲ್ಲಿ ಕಾಲಿಡುತ್ತಲೇ ಎಂಬತ್ತು ಹುಡುಗರು ಒಂದೇ ಶ್ರುತಿಯಲ್ಲಿ ‘ಹೌದ್ರಿ’ ಎನ್ನುವಂತಾಯಿತು. ಅದರಲ್ಲಿ ದ್ವೇಷವಿರಲಿಲ್ಲವೆಂದು ಈಗ ಬಲ್ಲೆ. ಆಗ ಮಾತ್ರ, ಕನ್ನಡ ಕಲಿಸಲು ಬಂದವನಿಗೆ ‘ನಿನ್ನದು ನಮ್ಮ ಕನ್ನಡವಲ್ಲ’ ಎಂದು ಎಂಬತ್ತು ಜನ ಹೇಳಿದ ಹಾಗೆ ಕೇಳಿಸಿತು. ನಾನು ಮಾಡಿದ್ದೇನು? ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಲಿಖಿತ ದೂರು ಕೊಟ್ಟೆ.

ಅವರು ಅದನ್ನು ಪೂರ್ತಿ ಓದಿ, ಮಡಿಸಿ, ಕನ್ನಡಕ ತೆಗೆದು, “ಮೇಷ್ಟ್ರೇ, ಮೊದಲನೆಯ ದಿನವೇ ನೀವೂ ನಕ್ಕುಬಿಟ್ಟಿದ್ದರೆ ಇದು ಇಲ್ಲಿಯವರೆಗೆ ಬರುತ್ತಿರಲಿಲ್ಲ. ಈಗ ನಾನು ಇಬ್ಬರನ್ನು ಕರೆದು ದಂಡ ಹಾಕುತ್ತೇನೆ. ಹುಡುಗರು ಸುಮ್ಮನಾಗುತ್ತಾರೆ. ಆದರೆ ನಿಮ್ಮ ತರಗತಿ ನಿಮಗೆ ವಾಪಸು ಬರುವುದಿಲ್ಲ” ಎಂದರು. ಹಾಗೆಯೇ ಆಯಿತು. ಆ ವರ್ಷವೆಲ್ಲ ನನ್ನ ತರಗತಿಯಲ್ಲಿ ಸೂಜಿ ಬಿದ್ದರೆ ಕೇಳಿಸುವಷ್ಟು ಶಾಂತಿ. ಅಂಥ ಶಾಂತಿ ಯಾವ ಅಧ್ಯಾಪಕನಿಗೂ ಬೇಡ. ನನ್ನ ‘ಹೌದ್ರಿ’ಯೂ ಆ ವರ್ಷವೇ ಬಾಯಿಂದ ಹೋಯಿತು.

ಡ್ರೇಕ್ ಕೂಡ ದೂರು ಕೊಟ್ಟ. 2025ರ ಜನವರಿಯಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡಿದ. ದಾವೆ ಕೆಂಡ್ರಿಕ್‌ನ ಮೇಲಲ್ಲ, ಯೂನಿವರ್ಸಲ್ ಸಂಗೀತ ಕಂಪೆನಿಯ ಮೇಲೆ. ಇದರ ವಿನೋದವೇನೆಂದರೆ ಆ ಕಂಪೆನಿ ಇಬ್ಬರಿಗೂ ಒಂದೇ. ಡ್ರೇಕ್ ಹಾಡಿದರೂ ಅದರ ಬೊಕ್ಕಸಕ್ಕೆ, ಡ್ರೇಕನನ್ನು ಬೈದು ಹಾಡಿದರೂ ಅದರ ಬೊಕ್ಕಸಕ್ಕೆ. ನಮ್ಮೂರ ಎರಡು ಮೇಳದವರಿಗೆ ಚಹಾದ ಕಿಟ್ಲಿ ಒಂದಿತ್ತು. ಇವರಿಗೆ ತಿಜೋರಿ ಒಂದು. ಅಕ್ಟೋಬರ್ 9ರಂದು ನ್ಯಾಯಾಧೀಶೆ ದಾವೆಯನ್ನು ವಜಾ ಮಾಡಿದರು. ಇಂಥ ಬಿಸಿಬಿಸಿ ಹಾಡುಕಾಳಗದಲ್ಲಿ ಆಡಿದ ಮಾತನ್ನು ವಿವೇಕವುಳ್ಳ ಕೇಳುಗ ಸತ್ಯಸಂಗತಿಯೆಂದು ತಿಳಿಯುವುದಿಲ್ಲ ಎಂಬುದು ತೀರ್ಪಿನ ತಿರುಳು. ಡ್ರೇಕ್ ಮೇಲ್ಮನವಿಗೆ ಹೋದ.

“ನೋಡಿದ್ಯಾ, ಆಟದಲ್ಲಿ ಸೋತು ಟೀಚರ್ ಹತ್ರ ಹೇಳಿಕೊಡೋ ಹುಡುಗ” ಎಂದು ಮಗಳು ನಕ್ಕಳು. ನಾನು ನಗಲಿಲ್ಲ. ಡಜನ್ಸ್ ಆಟದ ನಿಯಮದ ಪ್ರಕಾರ ಸಿಟ್ಟಾದವನು ಸೋತ, ಇದು ಸರಿ. ಆದರೆ ಕೇಳುಗರೆಲ್ಲ ವಿವೇಕವುಳ್ಳವರೆಂದು ಯಾರು ಹೇಳಬಲ್ಲರು? 2024ರ ಮೇ 7ರ ಬೆಳಗಿನ ಜಾವ ಟೊರಾಂಟೊದ ಡ್ರೇಕನ ಬಂಗಲೆಯ ಗೇಟಿನ ಮುಂದೆ ಗುಂಡು ಹಾರಿತು. ಕಾವಲುಗಾರನೊಬ್ಬ ತೀವ್ರವಾಗಿ ಗಾಯಗೊಂಡ. ಏಕೆ ಹೀಗಾಯಿತೆಂದು ಪೊಲೀಸರು ಅಂದು ಹೇಳಲಿಲ್ಲ. ಹಾಡಿಗೂ ಗುಂಡಿಗೂ ಸಂಬಂಧವಿದೆಯೆಂದು ಡ್ರೇಕ್ ತನ್ನ ದಾವೆಯಲ್ಲಿ ವಾದಿಸಿದ. ಸಂಬಂಧ ಇರಲಿ, ಇಲ್ಲದಿರಲಿ, ನನ್ನ ಮನಸ್ಸು ಆ ಕಾವಲುಗಾರನ ಹತ್ತಿರವೇ ಸುಳಿದಾಡುತ್ತದೆ. ಅವನು ಹಾಡುಗಾರನಲ್ಲ, ಅರಸನಲ್ಲ, ಯಾರ ಮೇಲೂ ಒಂದು ಪದ ಕಟ್ಟಿದವನಲ್ಲ. ರಾತ್ರಿಪಾಳಿ ಮಾಡುತ್ತಿದ್ದ. ಅವನ ವಿಷಯವಾಗಿ ವಾದಿಯೂ ಮಾತಾಡಲಿಲ್ಲ, ಪ್ರತಿವಾದಿಯೂ ಮಾತಾಡಲಿಲ್ಲ.

ಸರಿ, ತೀರ್ಪು ಕೊಡುವ ದಿನ ಬಂತು. ಭಾನುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ, ನಡುಮನೆಯಲ್ಲಿ ಸಭೆ ಸೇರಿತು. ಗಂಟಲು ಸರಿಮಾಡಿಕೊಂಡು ಆರಂಭಿಸಿದೆ:

“ಅರಸೊತ್ತಿಗೆ ಎರಡು ಬಗೆಯದು. ಒಂದು ಕಂದಾಯದ್ದು, ಇನ್ನೊಂದು ಒಪ್ಪಿಗೆಯದು. ಕಂದಾಯ ಡ್ರೇಕನಿಗೆ ಇನ್ನೂ ಬರುತ್ತಿದೆ. ಮುಂದೆಯೂ ಬರುತ್ತದೆ. ಅವನ ಆಲ್ಬಮ್ಮುಗಳು ಬಂದಾಗ ಪಟ್ಟಿಯ ತಲೆಗೇರಿದರೂ ನನಗೆ ಆಶ್ಚರ್ಯವಿಲ್ಲ. ಆ ಮಟ್ಟಿಗೆ ಪ್ರತಿವಾದಿಯ ಮಾತು ನಿಜ. ಆದರೆ ಅವನು ಏನು ಹಾಡಿದರೂ ಅದೇ ಈ ಕಾಲದ ಹಾಡು ಎಂದು ಯಾರೂ ತಕರಾರಿಲ್ಲದೆ ಒಪ್ಪುತ್ತಿದ್ದರಲ್ಲ, ಆ ಒಪ್ಪಿಗೆ 2024ರ ಮೇ ತಿಂಗಳಲ್ಲಿ ಹೋಯಿತು. ಇನ್ನು ಅವನು ಗೆದ್ದರೂ, ಸೋತಿದ್ದವನು ಗೆದ್ದ ಎನ್ನುತ್ತಾರೆ. ಆ ಮಟ್ಟಿಗೆ ವಾದಿಯ ಮಾತು ನಿಜ. ನಮ್ಮ ಪೊನ್ನ, ರನ್ನ, ಜನ್ನ ಮೂವರಿಗೂ ರಾಜರು ಕೊಟ್ಟ ಚಕ್ರವರ್ತಿ ಬಿರುದು ಇತ್ತು. ಪಂಪನಿಗೆ ಇರಲಿಲ್ಲ. ಇಂದು ತರಗತಿಯಲ್ಲಿ ಮೊದಲು ಯಾರ ಹೆಸರು ಹೇಳುತ್ತೇವೆ? ಬಿರುದನ್ನು ರಾಜ ಕೊಟ್ಟರೂ ಒಂದೇ, ಬಿಲ್‌ಬೋರ್ಡ್ ಕೊಟ್ಟರೂ ಒಂದೇ...”

“ಹಂಗಾರ ಯಾರ ಗೆದ್ದರ್ರಿ ಮಾಮಾ?”

“ತಾಳು, ಮುಗಿದಿಲ್ಲ. ತೀರ್ಪಿನ ಜೊತೆಗೆ ಒಂದು ಮಾತು. ಅವನ ಹಾಡು ಹಳಸಿತೆಂದು ಕೆಳಗಿಳಿಸಿದ್ದರೆ ನನಗೆ ಬೇಸರವಿರಲಿಲ್ಲ. ಎಲ್ಲ ಕವಿಗಳಿಗೂ ಅದು ಬರುವುದೇ. ನಮ್ಮವನಲ್ಲ ಎಂದು ಇಳಿಸಿದ್ದು ನನಗೆ ಸರಿಕಾಣಲಿಲ್ಲ. ಆ ಮಾತಿಗೆ ತಾಳ ಕೂಡಿದರೆ ಕುಣಿಯುವುದು ಬಹಳ ಸುಲಭ. ನಾವು ಈ ಊರಿನಲ್ಲಿರುವವರು ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲೆವು.”

ಇಬ್ಬರೂ ಸುಮ್ಮನಾದರು. ನನ್ನ ತೀರ್ಪಿನ ಗಾಂಭೀರ್ಯಕ್ಕೆ ಮಣಿದರೆಂದು ನಾನು ಹಿಗ್ಗುವಷ್ಟರಲ್ಲಿ ಅಡಿಗೆಮನೆಯಿಂದ ನನ್ನಾಕೆಯ ದನಿ ಬಂತು: “ಯಾರ್ ರಾಜ ಆದ್ರೂ ಅನ್ನ ಆರಾಕ ಹತ್ತೈತಿ. ಏಳ್ರಿ.” ಸಭೆ ಮುಗಿಯಿತು.

ಅದಾಗಿ ಹತ್ತು ಹನ್ನೆರಡು ದಿನವಾಗಿರಬಹುದು. ರಾತ್ರಿ ಒಂದು ಗಂಟೆಯ ಹೊತ್ತಿಗೆ ನೀರು ಕುಡಿಯಲೆಂದು ಎದ್ದೆ. ಮಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಪರೀಕ್ಷೆಯ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಒರಗಿ ಕುಳಿತಿದ್ದಳು. ಆ ವಾರ ಅವಳ ಆಪ್ತ ಗೆಳತಿಯೊಬ್ಬಳು ಮಾತು ಬಿಟ್ಟಿದ್ದಳೆಂದು ಅವಳಮ್ಮ ನನಗೆ ಹೇಳಿದ್ದಳು. ಫೋನಿನಿಂದ ಬಹಳ ಸಣ್ಣ ದನಿಯಲ್ಲಿ ಹಾಡು ಬರುತ್ತಿತ್ತು. ಅರ್ಧ ಮಾತು, ಅರ್ಧ ಹಾಡು. ಇಷ್ಟು ತಿಂಗಳ ಅಭ್ಯಾಸದಿಂದ ದನಿಯ ಗುರುತು ನನಗೂ ಹತ್ತಿತ್ತು.

ನನ್ನನ್ನು ಕಂಡು ತಟ್ಟನೆ ನಿಲ್ಲಿಸಿದಳು. “ಅದು ಹಳೇದಪ್ಪ. 2011ರದು” ಎಂದಳು, ನಾನು ಏನೂ ಕೇಳದಿದ್ದರೂ.

“ಹೌದ್ರಿ” ಎಂದೆ. ಎಷ್ಟು ವರ್ಷಗಳ ಮೇಲೆ ಆ ಮಾತು ಬಾಯಿಗೆ ಬಂತೋ ಕಾಣೆ. ಅವಳು ನಕ್ಕಳು. ನಾನು ನೀರು ಕುಡಿದು ಬಂದು ಮಲಗಿದೆ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯಾಚೆ ಹಾಡು ಮತ್ತೆ ಶುರುವಾಯಿತು.